ಪರೇಲಿನ ಪಾದ್ರಿಗಳ ಮನೆ

ಕಿತ್ತುಕೊಂಡ ಜಾಗದಲ್ಲಿ ಆಮೇಲೆ ಒಳ್ಳೆಯ ಕೆಲಸ ನಡೆದರೆ, ಕಿತ್ತುಕೊಂಡ ತಪ್ಪು ತೀರಿಹೋಗುತ್ತದೆಯೇ? ಊರಿನಲ್ಲಿ ಗದ್ದೆಯ ಬದುವಿನ ಜಗಳ ನೋಡುತ್ತಾ ಬೆಳೆದವರಿಗೆ ಇದೇನೂ ಹೊಸ ಪ್ರಶ್ನೆಯಲ್ಲ. ಆದರೆ ನನಗೆ ಅದು ಬಿಡದೆ ಕಾಡಿದ್ದು ಮುಂಬಯಿಯ ಪರೇಲಿನಲ್ಲಿ, ಒಂದು ಹಳೇ ಕಟ್ಟಡದ ದೆಸೆಯಿಂದ.

ಪರೇಲ್ ಅಂದರೆ ನಮ್ಮ ರಾಜ್ಯದ ಬಹಳ ಜನಕ್ಕೆ ಆಸ್ಪತ್ರೆಯ ನೆನಪು. ಕೆ.ಇ.ಎಂ., ವಾಡಿಯಾ, 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಎಲ್ಲವೂ ಒಂದೇ ಸುತ್ತಿನಲ್ಲಿವೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಫೈಲು ಎದೆಗವಚಿಕೊಂಡು ಬಂದವರ ಕನ್ನಡ ಇಲ್ಲಿನ ಫುಟ್‌ಪಾತಿನಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಇವುಗಳ ನಡುವೆಯೇ, ಮರಗಳ ಮರೆಯಲ್ಲಿ, ಹಾಫ್‌ಕಿನ್ ಸಂಸ್ಥೆ ಇದೆ. ಪ್ಲೇಗಿನ ಲಸಿಕೆ ಮಾಡಿದ, ಹಾವಿನ ವಿಷಕ್ಕೆ ಮದ್ದು ಮಾಡಿದ ಸಂಸ್ಥೆ.

ಆ ಕಟ್ಟಡ ಮೊದಲು ಜೆಸುಯಿಟ್ ಪಾದ್ರಿಗಳ ಮಠವಾಗಿತ್ತು; ಒಳಗೆ ಪೂಜೆ ನಡೆಯುವ ಮಂದಿರವೂ ಇತ್ತು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರ ಮುಂಬಯಿ ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಹೋಯಿತು. 1668ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಂಪನಿಗೆ ಪಾದ್ರಿಗಳ ಮೇಲೆ ಮೊದಲಿನಿಂದಲೂ ಅನುಮಾನ. 1689ರಲ್ಲಿ ಜಂಜೀರಾದ ಸಿದ್ದಿ ದಂಡೆತ್ತಿ ಬಂದಾಗ ಪಾದ್ರಿಗಳು ಅವನ ಕಡೆಗಿದ್ದರು ಅನ್ನುವ ಆರೋಪವೂ ಸೇರಿಕೊಂಡಿತು. 1719-20ರ ಸುಮಾರಿಗೆ ಪರೇಲಿನ ಮನೆಯನ್ನು ಕಂಪನಿ ವಶಪಡಿಸಿಕೊಂಡಿತು. ಅದೇ 1720ರಲ್ಲಿ ಪೋರ್ಚುಗೀಸ್ ಪಾದ್ರಿಗಳನ್ನು ದ್ವೀಪದಿಂದಲೇ ಹೊರಗೆ ಹಾಕಿ, ಅವರ ಜಾಗಕ್ಕೆ ಕಾರ್ಮೆಲೈಟ್ ಪಾದ್ರಿಗಳನ್ನು ಕರೆಸಿದರು.

ಮುಂದೆ ಅದು ಗವರ್ನರ್ ಬಂಗಲೆಯಾಯಿತು. ಪ್ರಾರ್ಥನೆ ನಡೆಯುತ್ತಿದ್ದಲ್ಲಿ ಔತಣ, ಕುಣಿತ ನಡೆದವು. 1882ರಲ್ಲಿ ಗವರ್ನರನ ಹೆಂಡತಿ ಕಾಲರಾದಿಂದ ತೀರಿಕೊಂಡರು. 1885ರ ಹೊತ್ತಿಗೆ ಗವರ್ನರರು ಮಲಬಾರ್ ಹಿಲ್ಲಿಗೆ ಹೋದರು. 1896ರಲ್ಲಿ ಊರಿಗೆ ಪ್ಲೇಗ್ ಬಂತು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನಕ್ಕೆ ಆ ಲಸಿಕೆ ಹಾಕಿದರು. 1899ರಲ್ಲಿ ಆತನ ಪ್ರಯೋಗಶಾಲೆ ಪರೇಲಿನ ಈ ಮನೆಗೆ ಬಂತು. ಆಮೇಲೆ ಇಲ್ಲಿಂದ ಹೊರಟ ಮದ್ದಿನಿಂದ ಉಳಿದ ಜೀವಗಳನ್ನು ಲೆಕ್ಕ ಇಟ್ಟವರಾರು?

ಈಗ ಹೇಳಿ, ತಪ್ಪು ತೀರಿತೇ?

ನಮ್ಮ ಕಟ್ಟಡದಲ್ಲಿ ಒಬ್ಬರು ಪೊರ್ಬುಗಳಿದ್ದರು. ನಮ್ಮ ದಕ್ಷಿಣ ಕನ್ನಡದ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಹಾಗೇ ಕರೆಯುವುದು. ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಭಾನುವಾರ ದಾದರಿನ ಸಾಲ್ವೇಶನ್ ಚರ್ಚಿಗೆ ನಡೆದೇ ಹೋಗುವರು. ಒಂದು ದಿನ ಅವರನ್ನು ಕೇಳಿದೆ:

"ಪೊರ್ಬುಗಳೇ, ನಿಮ್ಮವರ ಮಠವನ್ನು ಕಂಪನಿಯವರು ತಗೊಂಡರಲ್ಲ, ನಿಮಗೆ ಏನೂ ಅನ್ನಿಸುವುದಿಲ್ಲವಾ?"

"ಅನ್ನಿಸದೆ ಏನು ಶೆಟ್ರೇ! ಆದರೆ ಲೆಕ್ಕ ಸ್ವಲ್ಪ ಕಷ್ಟ ಉಂಟು ಮಾರಾಯ್ರೆ," ಅಂದರು. "ಮಂಗಳೂರಲ್ಲಿ ನಮ್ಮನ್ನು ಉಳಿಸಿದ್ದು ಕಂಪನಿ. ಇಲ್ಲಿ ಕಸಿದದ್ದೂ ಅದೇ ಕಂಪನಿ. ನಾನು ಯಾರ ಹತ್ತಿರ ಏನು ಕೇಳಲಿ?"

ಅವರ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರದ್ದು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಆ ಇಗರ್ಜಿಯೂ ನೆಲಸಮವಾಯಿತು. 1799ರಲ್ಲಿ ಟಿಪ್ಪು ಕಂಪನಿಯ ಸೈನ್ಯದ ಎದುರು ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಬಂದರು, ಇಗರ್ಜಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಅಲ್ಲಿ ಗೋಡೆ ಹೋಗಿತ್ತು, ಒಕ್ಕಲು ಉಳಿದಿತ್ತು. ಪರೇಲಿನಲ್ಲಿ ಗೋಡೆ ಉಳಿಯಿತು, ಪೂಜೆ ಹೋಯಿತು. ಸುತ್ತಲಿನ ಕಥೊಲಿಕರಿಗೆ 1596ರ ಹಳೆಯ ದಾದರ್ ಇಗರ್ಜಿಯೇ ಗತಿಯಾಯಿತು. ಅದಕ್ಕೆ ಈಗಿರುವ ರೂಪವನ್ನು 1970ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಕೊಟ್ಟದ್ದು. ಪೊರ್ಬುಗಳು ಹೇಳುತ್ತಿದ್ದರು: "ಫಿರ್ಗಜ್ ಅಂದರೆ ಕಲ್ಲು ಅಲ್ಲ ಶೆಟ್ರೇ, ಹೆಸರು ಬರೆದ ಪುಸ್ತಕ. ಯಾರು ಹುಟ್ಟಿದರು, ಯಾರು ಸತ್ತರು ಅಂತ ಬರೆಯಲಿಕ್ಕೆ ಜನ ಇದ್ದರೆ ಫಿರ್ಗಜ್ ಇದ್ದ ಹಾಗೆ."

ಇಷ್ಟಾದ ಮೇಲೆ ಒಂದು ವಾದ ತಾನಾಗಿ ಬರುತ್ತದೆ: ಹಳೆಯದನ್ನು ಕೆದಕುವುದೇ ಬೇಡ. ಅದರಲ್ಲೂ ಸತ್ಯವಿದೆ. ಯಾಕೆಂದರೆ ಪರೇಲಿನಲ್ಲಿ ಅಗೆಯಲು ಹೊರಟರೆ ತಳ ಸಿಗುವುದಿಲ್ಲ. ಪಾದ್ರಿಗಳ ಮಠ ಇದ್ದಲ್ಲಿ ಅದಕ್ಕಿಂತ ಮೊದಲು ಪರಳಿ ವೈಜನಾಥನ ಗುಡಿಯಿತ್ತು, ಪರೇಲ್ ಅನ್ನುವ ಹೆಸರು ಅದರಿಂದಲೇ ಬಂತು ಎಂದು ಕೆಲವರು ಹೇಳುತ್ತಾರೆ. ಅಲ್ಲ, ಅದು ಒಂದು ಮರದ ಹೆಸರು, ನಾವು ಪಾದರಿ ಅನ್ನುವ ಮರ, ಅನ್ನುವವರೂ ಇದ್ದಾರೆ. 1931ರಲ್ಲಿ ಇಲ್ಲೇ ರಸ್ತೆ ಕೆಲಸದಲ್ಲಿ ಆಳೆತ್ತರಕ್ಕೂ ಮಿಗಿಲಾದ ಶಿವನ ಒಂದು ಅಪೂರ್ವ ಶಿಲ್ಪ ಸಿಕ್ಕಿತು. ಸುಮಾರು 1,500 ವರ್ಷ ಹಳೆಯದು. ಇಂದಿಗೂ ಬಾರಾದೇವಿ ಗುಡಿಯಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಗವರ್ನರನ ಕೆಳಗೆ ಪಾದ್ರಿ, ಪಾದ್ರಿಯ ಕೆಳಗೆ ಶಿವ, ಶಿವನ ಕೆಳಗೆ ಮರ. ಪ್ರತಿಯೊಬ್ಬರೂ ವಾಪಸು ಕೇಳಿದರೆ ಕಡೆಗೆ ಲಸಿಕೆ ಮಾಡಲು ಒಂದು ಕೋಣೆಯೂ ಉಳಿಯುವುದಿಲ್ಲ.

ಆದರೆ ವಾಪಸು ಕೇಳುವುದು ಬೇರೆ, ನೆನಪಿಡುವುದು ಬೇರೆ. ಇವೆರಡನ್ನೂ ಒಂದೇ ಮಾಡುವುದರಿಂದಲೇ ನಮ್ಮ ಕಾಲದ ಅರ್ಧ ಜಗಳಗಳು ಹುಟ್ಟುತ್ತವೆ. ನೆನಪು ಹಕ್ಕುಪತ್ರ ಅಂದುಕೊಂಡವರು ಗುದ್ದಲಿ ಹಿಡಿಯುತ್ತಾರೆ. ಅವರಿಗೆ ಹೆದರಿದವರು ನೆನಪನ್ನೇ ಹೂಳುತ್ತಾರೆ. ನನ್ನ ಮಟ್ಟಿಗೆ ನೆನಪು ಅಂದರೆ ಸಾಲದ ಚೀಟಿ. ಅದನ್ನು ಇಟ್ಟುಕೊಳ್ಳಬೇಕಾದವನು ಕಳೆದುಕೊಂಡವನಲ್ಲ, ಈಗ ಆ ಜಾಗದಲ್ಲಿ ಕೂತವನು.

ಇದಕ್ಕೆ ಹಾಫ್‌ಕಿನ್‌ನ ಬದುಕೇ ಒಳ್ಳೆಯ ಸಾಕ್ಷಿ. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯು ತಗಲಿ ಸತ್ತರು. ತಪ್ಪನ್ನು ಅವನ ಪ್ರಯೋಗಶಾಲೆಯ ಮೇಲೆ ಹೊರಿಸಿದರು, ಕೆಲಸವೂ ಹೋಯಿತು. ನಂಜು ಸೇರಿದ್ದು ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಎಂದು ತೋರಿಬಂದು, 1907ರಲ್ಲಿ ಅವನಿಗಂಟಿದ ಕಳಂಕ ಕಳೆಯಿತು. 1925ರಲ್ಲಿ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಹೋದ ವರ್ಷಗಳು ವಾಪಸು ಬರಲಿಲ್ಲ, ನಿಜ. ಆದರೂ ಹೆಸರು ಹೇಳುವುದು ಚಿಕ್ಕ ನ್ಯಾಯವಲ್ಲ. ಅನ್ಯಾಯಕ್ಕೆ ಗುರಿಯಾದ ಒಬ್ಬನ ಹೆಸರನ್ನು ಹೀಗೆ ಎತ್ತಿ ಹಿಡಿದ ಮನೆ, ತನ್ನನ್ನು ಕಟ್ಟಿ ಕಳೆದುಕೊಂಡವರ ಹೆಸರನ್ನೂ ಹೇಳಿದರೆ ಕಡಿಮೆಯಾಗುವುದು ಏನೂ ಇಲ್ಲ.

ಪರಊರಿಗೆ ಬಂದ ನಮ್ಮಂಥವರಿಗೂ ಇದು ಅನ್ವಯಿಸುತ್ತದೆ. ಮುಂಬಯಿಯ ಮೂಲ ಕಥೊಲಿಕರು 1887ರಲ್ಲಿ ತಮ್ಮನ್ನು "ಈಸ್ಟ್ ಇಂಡಿಯನ್" ಎಂದು ಕರೆದುಕೊಂಡರು. ಗೋವಾದಿಂದ, ನಮ್ಮ ಮಂಗಳೂರಿನಿಂದ ಕೆಲಸಕ್ಕೆ ಬಂದವರ ನಡುವೆ ತಾವು ಕಾಣೆಯಾಗದಿರಲಿ ಅಂತ. ಒಂದೇ ದೇವರು, ಒಂದೇ ಪೂಜೆ, ಆದರೂ ಬಂದವರ ಎದುರು ಇದ್ದವರಿಗೆ ಹೆಸರು ಬೇಕಾಯಿತು. ಪರೇಲಿನ ಗಿರಣಿಗಳದ್ದೂ ಇದೇ ಕತೆ. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಆ ಜಾಗಗಳಲ್ಲಿ ಈಗ ಮಾಲು, ಗಾಜಿನ ಆಫೀಸು. ಅಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗ ಯಾರದ್ದನ್ನೂ ಕದ್ದವನಲ್ಲ. ಆದರೆ ಇದು ಯಾರ ಬೆವರಿನ ನೆಲ ಅಂತ ತಿಳಿದಿದ್ದರೆ ಅವನು ನಡೆದುಕೊಳ್ಳುವ ರೀತಿ ಒಂಚೂರು ಬೇರೆಯಾದೀತು. ಎದುರಿನ ಚಾಳಿನ ಮುದುಕನನ್ನು ಅವನು ಅಡ್ಡಿ ಅಂತ ನೋಡಲಾರ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಒಳ್ಳೆಯ ಕೆಲಸದಿಂದ ಹಳೆಯ ತಪ್ಪು ತೀರುವುದಿಲ್ಲ. ಹಳೆಯ ತಪ್ಪಿನಿಂದ ಒಳ್ಳೆಯ ಕೆಲಸ ಮೈಲಿಗೆಯೂ ಆಗುವುದಿಲ್ಲ. ಎರಡೂ ಬೇರೆ ಬೇರೆ ಪುಟದ ಲೆಕ್ಕ, ಒಂದರಿಂದ ಇನ್ನೊಂದನ್ನು ಕಳೆಯಲು ಬಾರದು. ಬೆಳಗಾವಿಯ ಹಳ್ಳಿಯಿಂದ ಬಂದು ಟಾಟಾ ಆಸ್ಪತ್ರೆಯ ಎದುರು ಚಾಪೆ ಹಾಸಿದ ತಾಯಿಗೆ ಈ ಚರಿತ್ರೆಯೆಲ್ಲ ಬೇಕಿಲ್ಲ, ಅವಳಿಗೆ ಬೇಕಾದದ್ದು ಮದ್ದು ಮತ್ತು ರಾತ್ರಿ ಮಲಗಲು ನಾಲ್ಕಡಿ ಜಾಗ. ಅವಳನ್ನು "ಇಲ್ಲಿಂದ ಏಳು" ಅನ್ನುವ ಮೊದಲು, ಪರೇಲಿನಲ್ಲಿ ಬೇರೂರಿದ ನಾವೆಲ್ಲ ನಮ್ಮ ನಮ್ಮ ಸಾಲದ ಚೀಟಿ ಒಮ್ಮೆ ತೆಗೆದು ನೋಡಬೇಕು.