ಸೋತ ವೀರನಿಗೆ ಯಾವ ಕಲ್ಲು?

ನಮ್ಮ ಕೋಲಾರ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವರಿಗೆ ನಮ್ಮ ನಾಡು ಎಷ್ಟೋ ಕಲ್ಲುಗಳನ್ನು ನೆಟ್ಟಿದೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಊರು ತನ್ನ ಋಣ ತೀರಿಸುತ್ತಿದ್ದ ರೀತಿ ಅದು. ಆದರೆ ತುರುಗಳನ್ನು ಉಳಿಸುವ ಬದಲು ಕೊಂದು, ನಾಚಿಕೆಯಿಂದ ಸತ್ತವನಿಗೆ?

ಗ್ರೀಕರ ಪುರಾಣದಲ್ಲಿ ಅಂಥವನೊಬ್ಬನಿದ್ದಾನೆ. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೇ ಸಲ್ಲಬೇಕೆಂದು ಏಜಾಕ್ಸ್ ನಂಬಿದ್ದ. ಅವು ಮಾತಿನ ಮಲ್ಲ ಒಡಿಸ್ಯೂಸನ ಪಾಲಾದವು. ಏಜಾಕ್ಸನಿಗೆ ಬುದ್ಧಿ ಕೆಟ್ಟಿತು. ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದುಹಾಕಿದ. ತಿಳಿವು ಮರಳಿದಾಗ ಅವಮಾನ ತಾಳದೆ ತನ್ನ ಕತ್ತಿಯ ಮೇಲೆ ಬಿದ್ದು ಸತ್ತ.

ಕೆಲವು ಪಾತ್ರೆಗಳ ಮೇಲೆ ಕತ್ತಿ ನಾಟಿದ ಅವನ ಹೆಣದ ಚಿತ್ರವಿದೆ. ಕ್ರಿ.ಪೂ. 530ರ ಸುಮಾರಿಗೆ ಅಥೆನ್ಸಿನ ಎಕ್ಸೇಕಿಯಾಸ್ ಎಂಬ ಕುಂಬಾರ-ಚಿತ್ರಕಾರ ಬೇರೆ ಗಳಿಗೆಯನ್ನು ಆರಿಸಿಕೊಂಡ. ಈಗ ಫ್ರಾನ್ಸಿನ ಬುಲೋನ್-ಸುರ್-ಮೆರ್ ಪಟ್ಟಣದ ಮ್ಯೂಸಿಯಂನಲ್ಲಿರುವ ಆ ಮಡಕೆಯ ಮೇಲೆ ಏಜಾಕ್ಸ್ ಒಬ್ಬನೇ ಬಾಗಿ ಕೂತು, ಕತ್ತಿ ಅಲುಗದಂತೆ ಅದರ ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ. ಒಂದು ಕಡೆ ಮರ, ಇನ್ನೊಂದು ಕಡೆ ಕಳಚಿಟ್ಟ ಗುರಾಣಿ, ಶಿರಸ್ತ್ರಾಣ. ಕಪ್ಪು ಬಣ್ಣದ ಮೇಲೆ ಮೊನೆಯಿಂದ ಗೀರಿದ ಗೆರೆಗಳು ಹಣೆಯ ಸುಕ್ಕುಗಳಾಗಿವೆ. ಸತ್ತ ದನಗಳಿಲ್ಲ, ನಗುವವರಿಲ್ಲ, ರಕ್ತವಿಲ್ಲ.

ಇದು ಆತ್ಮಹತ್ಯೆಯನ್ನು ಮೆಚ್ಚುವ ಚಿತ್ರವೇ? ನನಗೆ ಹಾಗೆ ಕಾಣುವುದಿಲ್ಲ. ಹೆಣವನ್ನು ನೋಡಿದವನು ತೀರ್ಪು ಕೊಟ್ಟು ಮುಂದೆ ನಡೆಯಬಹುದು. ಮಣ್ಣು ಒತ್ತುತ್ತಿರುವ ಕೈಯನ್ನು ಕಂಡರೆ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಅವನು ತಪ್ಪು ಮಾಡಿಲ್ಲ ಎಂದು ಚಿತ್ರ ಹೇಳುತ್ತಿಲ್ಲ. ತಪ್ಪು ಮಾಡಿದವನೂ ಒಬ್ಬಂಟಿಯಾಗಿದ್ದಾನೆ ಎಂದಷ್ಟೇ ತೋರಿಸುತ್ತಿದೆ.

ನಾನಿರುವ ಕೋರಮಂಡಲ್ ಚಿನ್ನದ ಗಣಿಯ ಊರು. ಗಣಿಗಳು 2001ರಲ್ಲಿ ಮುಚ್ಚಿದವು. ಆಳದಲ್ಲಿ ಬಂಡೆ ಸಿಡಿದು ಸತ್ತವರ ಕಥೆಯನ್ನು ಇಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕೆಲಸ ಹೋದ ಮೇಲೆ ಮನೆಯಲ್ಲಿ ಮಾತಿಲ್ಲದೆ ಕೂತವರ ವಿಷಯ ಬಂದರೆ ದನಿ ತಗ್ಗುತ್ತದೆ. ಅವರು ಯಾವ ತಪ್ಪನ್ನೂ ಮಾಡಿದವರಲ್ಲ. ಆದರೂ ನಾಚಿಕೆ ಅವರ ಪಾಲಿಗೇ ಬಂತು.

ನಮ್ಮನ್ನು ಕಾಪಾಡಿ ಸತ್ತವನಿಗೆ ಕಲ್ಲು ನೆಡುವುದು ನ್ಯಾಯ, ಅದು ಸಾಲ ತೀರಿಸಿದ ಹಾಗೆ. ಸೋತು ಕೂತವನಿಗೆ ನಾವು ಯಾವ ಸಾಲವನ್ನೂ ಉಳಿಸಿಕೊಂಡಿಲ್ಲ ಅಂದುಕೊಂಡಿದ್ದೇವೆ. ಆದರೆ ಅವನಿಗೆ ಬೇಕಿರುವುದು ಸತ್ತ ಮೇಲಿನ ಕಲ್ಲಲ್ಲ, ಕೈ ಇನ್ನೂ ಮಣ್ಣಿನಲ್ಲಿರುವಾಗ ಪಕ್ಕದಲ್ಲಿ ಬಂದು ಕೂರುವ ಒಬ್ಬ ಮನುಷ್ಯ.