ರಕ್ತದ ಗುಂಪಿನ ಅರಿವು ಯಾರ ಸಲುವಾಗಿ

ಮನುಷ್ಯನು ತನ್ನ ಕುರಿತು ಏನನ್ನು ಅರಿತಿರಬೇಕು ಎಂಬುದು ಭಾರತೀಯ ದರ್ಶನಗಳ ಮೂಲ ಪ್ರಶ್ನೆಗಳಲ್ಲಿ ಒಂದಾದರೂ, ಆ ಅರಿವಿನಲ್ಲಿ ದೇಹದ ವಿವರಗಳಿಗೆ ಅವು ದೊಡ್ಡ ಸ್ಥಾನವನ್ನೇನೂ ಕೊಡಲಿಲ್ಲ. ಇಂದಾದರೋ ಶಾಲಾ ಮಕ್ಕಳ ಗುರುತಿನ ಚೀಟಿಯಿಂದ ಹಿಡಿದು ವಾಹನ ಚಾಲನಾ ಪರವಾನಗಿಯವರೆಗೆ ಹೆಸರು ಮತ್ತು ಹುಟ್ಟಿದ ದಿನಾಂಕದ ಪಕ್ಕದಲ್ಲಿಯೇ ರಕ್ತದ ಗುಂಪು ಅಚ್ಚಾಗುತ್ತಿದ್ದು, ಅದನ್ನು ಕೇಳಿದೊಡನೆ ಹೇಳಲಾರದವನು ತನ್ನ ವಿಷಯದಲ್ಲಿ ತಾನೇ ಅಸಡ್ಡೆ ತೋರಿದವನೆಂಬ ಭಾವನೆಯೂ ಬೆಳೆದಿದೆ. ಈ ಅರಿವು ಆತ್ಮಜ್ಞಾನದ ಒಂದು ತುಣುಕೇ, ಆತ್ಮರಕ್ಷಣೆಯ ಉಪಾಯವೇ, ಅಥವಾ ಇನ್ನೊಬ್ಬರಿಗೆ ಸಲ್ಲಬೇಕಾದ ಋಣವೇ ಎಂಬುದನ್ನು ಬಿಡಿಸಿ ನೋಡಿದರೆ, ಮೊದಲ ಎರಡು ಉತ್ತರಗಳಿಗಿಂತ ಮೂರನೆಯದೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ರಕ್ತದ ಗುಂಪು ಬೆಳಕಿಗೆ ಬಂದ ಬಗೆಯಲ್ಲಿಯೇ ಇದರ ಸುಳಿವಿದೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ತಮ್ಮ ಮತ್ತು ತಮ್ಮ ಸಹೋದ್ಯೋಗಿಗಳ ರಕ್ತವನ್ನು ತೆಗೆದುಕೊಂಡು, ಒಬ್ಬರ ಕೆಂಪು ಕಣಗಳನ್ನು ಮತ್ತೊಬ್ಬರ ಸೀರಮ್ಮಿನಲ್ಲಿ, ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಟ್ಟು ನಿಲ್ಲುವ ತಿಳಿ ದ್ರವದಲ್ಲಿ, ಬೆರೆಸಿ ನೋಡಿದಾಗ ಕೆಲವು ಜೋಡಿಗಳಲ್ಲಿ ಕಣಗಳು ಮುದ್ದೆಗಟ್ಟಿದವು, ಕೆಲವು ಜೋಡಿಗಳಲ್ಲಿ ಹಾಗೆಯೇ ಉಳಿದವು. 1901ರಲ್ಲಿ ಪ್ರಕಟವಾದ ಅವರ ಲೇಖನವು ಮೂರು ಗುಂಪುಗಳನ್ನು ಗುರುತಿಸಿತು. ಎಬಿ ಎಂಬ ನಾಲ್ಕನೆಯದನ್ನು 1902ರಲ್ಲಿ ಡೆಕಾಸ್ಟೆಲೊ ಮತ್ತು ಸ್ಟುರ್ಲಿ ಕಂಡುಕೊಂಡರು. ಯಾರೊಬ್ಬರ ಕಣಗಳೂ ಅವರದೇ ಸೀರಮ್ಮಿನಲ್ಲಿ ಮುದ್ದೆಗಟ್ಟಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಒಬ್ಬನೇ ಮನುಷ್ಯನ ರಕ್ತವನ್ನು ಎಷ್ಟು ಕಾಲ ಪರೀಕ್ಷಿಸುತ್ತ ಕುಳಿತರೂ ಅದಕ್ಕೊಂದು ಗುಂಪಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಇನ್ನೊಬ್ಬರ ರಕ್ತವನ್ನು ಸಂಧಿಸಿದಾಗಲೇ ಅದು ಎ ಅಥವಾ ಬಿ ಆಗುತ್ತದೆ. ಎ ಗುಂಪಿನವರ ಕೆಂಪು ಕಣಗಳ ಮೇಲೆ ಎ ಎಂಬ ಪ್ರತಿಜನಕವಿದ್ದರೆ, ಎಂದರೆ ದೇಹವು ತನ್ನದು ಅಥವಾ ಪರರದು ಎಂದು ಗುರುತು ಹಿಡಿಯಲು ಆಧಾರವಾಗುವ ರಾಸಾಯನಿಕ ರಚನೆಯಿದ್ದರೆ, ಅವರ ಸೀರಮ್ಮಿನಲ್ಲಿ ಬಿ ರಚನೆಯನ್ನು ಹಿಡಿದು ಎದುರಿಸುವ ಪ್ರತಿಕಾಯಗಳಿರುತ್ತವೆ. ಬಿ ಗುಂಪಿನ ಒಂದು ಹನಿ ರಕ್ತವೂ ಎಂದೂ ಸೋಕದಿದ್ದ ಹಸುಗೂಸಿನಲ್ಲಿಯೂ ಮೊದಲ ಕೆಲವು ತಿಂಗಳುಗಳಲ್ಲಿಯೇ ಈ ಪ್ರತಿಕಾಯಗಳು ಮೂಡತೊಡಗುತ್ತವೆ. ತಾನು ಯಾವುದಲ್ಲವೋ ಅದನ್ನು ದೇಹವು ಮನಸ್ಸಿಗೆ ಯಾವ ಸೂಚನೆಯನ್ನೂ ಕೊಡದೆ ಅರಿತುಕೊಂಡಿರುತ್ತದೆ.

ಹಾಗಾದರೆ ಮನುಷ್ಯನು ತನ್ನ ಗುಂಪನ್ನು ಅರಿಯುವುದು ಯಾವ ಪ್ರಮಾಣದಿಂದ, ಎಂದರೆ ಅರಿವಿನ ಯಾವ ಸಾಧನದಿಂದ? ಮಧ್ವಾಚಾರ್ಯರ ದರ್ಶನದಲ್ಲಿ ಸಾಕ್ಷಿ ಎಂಬುದು ಆತ್ಮದ ಸ್ವರೂಪವೇ ಆದ ಅರಿವಿನ ಶಕ್ತಿಯಾಗಿದ್ದು, ಅದು ತನ್ನ ಇರುವಿಕೆಯನ್ನೂ ಸುಖದುಃಖಗಳನ್ನೂ ಕಾಲವನ್ನೂ ನೇರವಾಗಿ ಗ್ರಹಿಸುತ್ತದೆ. ಹಸಿವು ತನ್ನದೆಂದು ತಿಳಿಯಲು ಯಾರಿಗೂ ಮತ್ತೊಬ್ಬರ ಮಾತು ಬೇಕಾಗುವುದಿಲ್ಲ. ರಕ್ತದ ಗುಂಪಾದರೋ ಹಸಿವಿಗಿಂತ ಸ್ಥಿರವಾದದ್ದು, ದೇಹದ ಪ್ರತಿಯೊಂದು ಭಾಗದಲ್ಲಿಯೂ ಹರಿದಾಡುವಂಥದ್ದು. ಆದರೂ ಅದು ಸಾಕ್ಷಿಗೆ ಎಂದೂ ಗೋಚರಿಸದು. ಪ್ರಯೋಗಾಲಯದವರು ಬರೆದುಕೊಟ್ಟದ್ದನ್ನು ನಂಬುವುದೊಂದೇ ದಾರಿಯಾದ್ದರಿಂದ ಇದು ಶಬ್ದಪ್ರಮಾಣ, ಎಂದರೆ ಆಪ್ತರ ಮಾತಿನಿಂದ ಬರುವ ಜ್ಞಾನ. ತನ್ನೊಳಗಿನದೇ ಆಗಿದ್ದೂ ಪರರ ಬಾಯಿಂದಲೇ ಕೇಳಬೇಕಾದ ಇಂಥ ತಿಳಿವನ್ನು ಆತ್ಮಜ್ಞಾನವೆಂದು ಕರೆಯುವುದು ಕಷ್ಟ.

ರಕ್ತನಿಧಿಗಳು ಈ ಶಬ್ದಪ್ರಮಾಣವನ್ನೂ ಒಪ್ಪುವುದಿಲ್ಲ. ರೋಗಿಯು ತನ್ನ ಗುಂಪನ್ನು ಎಷ್ಟೇ ಖಚಿತವಾಗಿ ಹೇಳಿದರೂ, ಚೀಟಿಯಲ್ಲಿ ಅಚ್ಚಾಗಿದ್ದರೂ, ಅವನ ರಕ್ತದ ಹೊಸ ಮಾದರಿಯನ್ನು ತೆಗೆದು ಗುಂಪನ್ನು ಮತ್ತೆ ನಿರ್ಧರಿಸಿ, ಕೊಡಲಿರುವ ರಕ್ತದ ಕಣಗಳನ್ನು ಅವನ ಸೀರಮ್ಮಿನೊಂದಿಗೆ ಬೆರೆಸಿ ನೋಡುವ ಹೊಂದಾಣಿಕೆ ಪರೀಕ್ಷೆಯನ್ನು, ಆಸ್ಪತ್ರೆಗಳ ಮಾತಿನಲ್ಲಿ ಕ್ರಾಸ್ ಮ್ಯಾಚಿಂಗನ್ನು, ನಡೆಸಿದ ಮೇಲೆಯೇ ರಕ್ತ ಹೊರಬರುತ್ತದೆ. ಜ್ಞಾನದ ಸತ್ಯತೆಯು ಆ ಜ್ಞಾನದಿಂದಲೇ ಸಿದ್ಧಿಸದೆ, ಅದನ್ನು ನಂಬಿ ಕೈಗೊಂಡ ಕ್ರಿಯೆಯ ಸಫಲತೆಯಂಥ ಹೊರಗಿನ ಆಧಾರದಿಂದ ನಿಶ್ಚಯವಾಗುತ್ತದೆ ಎಂಬ, ನ್ಯಾಯದರ್ಶನದವರಾದ ನೈಯಾಯಿಕರ ಪರತಃಪ್ರಾಮಾಣ್ಯವಾದಕ್ಕೆ ಈ ಪದ್ಧತಿ ಹತ್ತಿರವಾಗಿದೆ. ಈ ಕಟ್ಟುನಿಟ್ಟಿಗೆ ಬಲವಾದ ಕಾರಣವಿದೆ: ತಪ್ಪು ಗುಂಪಿನ ರಕ್ತ ಹೋದರೆ ಒಳಸೇರಿದ ಕಣಗಳು ಒಡೆದು, ಮೂತ್ರಪಿಂಡಗಳು ಕೆಟ್ಟು, ಸಾವೂ ಸಂಭವಿಸಬಹುದು. ಪರೀಕ್ಷೆಗೆ ಕಾಯುವಷ್ಟು ಹೊತ್ತಿಲ್ಲದ ಅಪಘಾತದಂಥ ಸಂದರ್ಭದಲ್ಲಿಯೂ ವೈದ್ಯರು ರೋಗಿಯ ಜೇಬಿನ ಚೀಟಿಯನ್ನು ನೆಚ್ಚದೆ ಓ ಗುಂಪಿನ ಕಣಗಳನ್ನು, ಸಾಧ್ಯವಾದರೆ ಓ ನೆಗೆಟಿವ್ ಅನ್ನು, ಕೊಟ್ಟು ಆರಂಭಿಸುತ್ತಾರೆ. ರಕ್ತದ ಗುಂಪನ್ನು ಅರಿತಿರುವುದು ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಎಂಬ ಸಾಮಾನ್ಯ ನಂಬಿಕೆಗೆ, ಸ್ವೀಕರಿಸುವವನ ಕಡೆಯಿಂದ ನೋಡಿದರೆ, ಆಧಾರ ತೀರ ಕಡಿಮೆ.

ಪ್ರಜ್ಞೆ ತಪ್ಪಿ ಮಲಗಿರುವ ಮನುಷ್ಯನಿಂದ ವೈದ್ಯರು ನಿಜವಾಗಿ ಪಡೆಯಲಾರದ್ದು ಅವನ ಇಚ್ಛೆಯನ್ನು. ಕ್ರೈಸ್ತ ಮೂಲದ ಯೆಹೋವನ ಸಾಕ್ಷಿಗಳೆಂಬ ಪಂಥದವರು, ರಕ್ತವನ್ನು ವರ್ಜಿಸಬೇಕೆಂಬ ಬೈಬಲಿನ ವಿಧಿಗೆ 1945ರಿಂದೀಚೆಗೆ ರಕ್ತಪೂರಣವನ್ನೂ ಸೇರಿಸಿಕೊಂಡು ಅರ್ಥ ಮಾಡುತ್ತ ಬಂದಿದ್ದು, ತಮಗೆ ಯಾರ ರಕ್ತವೂ ಬೇಡವೆಂಬ ಸಹಿ ಮಾಡಿದ ಪತ್ರವನ್ನು ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಆ ನಿಷೇಧವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬದುಕಬಹುದಾದ ಜೀವವೊಂದು ರಕ್ತವಿಲ್ಲದೆ ಹೋಗುವುದನ್ನು ಕಂಡು ನೋಯದಿರುವುದು ಯಾರಿಗೂ ಸಾಧ್ಯವಿಲ್ಲ. ಆದರೂ ಅವರ ಪತ್ರದಲ್ಲಿ ಒಂದು ವಿವೇಕವಿದೆ. ಗುಂಪನ್ನು ಕೆಲವೇ ನಿಮಿಷಗಳಲ್ಲಿ ಯಾವ ಪ್ರಯೋಗಾಲಯವೂ ಕಂಡುಕೊಳ್ಳಬಲ್ಲದು, ಸಮ್ಮತಿಯನ್ನು ಕಂಡುಕೊಳ್ಳುವ ಪರೀಕ್ಷೆ ಮಾತ್ರ ಇಲ್ಲ.

ತನ್ನ ಗುಂಪನ್ನು ಅರಿತರೆ ತನ್ನ ಸ್ವಭಾವವನ್ನೇ ಅರಿತಂತೆ ಎಂಬ ಭ್ರಮೆಯೂ ಹುಟ್ಟಿ ಬೆಳೆದಿದೆ. ಜಪಾನಿನಲ್ಲಿ ಫುರುಕಾವಾ ತಾಕೆಜಿ 1927ರಲ್ಲಿ ಗುಂಪಿಗೂ ಮನೋಧರ್ಮಕ್ಕೂ ಸಂಬಂಧ ಕಲ್ಪಿಸಿದ್ದನ್ನು 1971ರಲ್ಲಿ ನೋಮಿ ಮಾಸಾಹಿಕೊ ಅವರ ಪುಸ್ತಕವು ಜನಪ್ರಿಯಗೊಳಿಸಿತು. ಸಾವಿರಾರು ಜನರ ಮೇಲೆ ನಡೆದ ಸಮೀಕ್ಷೆಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಇದಕ್ಕಿಂತ ಕರಾಳವಾದದ್ದು ರಕ್ತದಲ್ಲಿ ಜನಾಂಗವನ್ನು ಹುಡುಕಿದ ಪ್ರಯತ್ನ. ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಥೆಸಲೊನೀಕಿಯಲ್ಲಿ ಬೀಡುಬಿಟ್ಟಿದ್ದ ಸೈನಿಕರ ರಕ್ತವನ್ನು ಪರೀಕ್ಷಿಸಿದ ಲುಡ್ವಿಕ್ ಮತ್ತು ಹಾಂಕಾ ಹಿರ್ಷ್‌ಫೆಲ್ಡ್ ದಂಪತಿಗಳು ಭಾರತೀಯರಲ್ಲಿ ಬಿ ಗುಂಪು ಯೂರೋಪಿನವರಿಗಿಂತ ಹೆಚ್ಚೆಂದು 1919ರಲ್ಲಿ ವರದಿ ಮಾಡಿದರು. ಪ್ರಮಾಣದಲ್ಲಿ ವ್ಯತ್ಯಾಸವಿದ್ದದ್ದು ನಿಜವಾದರೂ ಎಲ್ಲ ಗುಂಪುಗಳೂ ಎಲ್ಲ ಜನರಲ್ಲಿಯೂ ಸಿಕ್ಕಿದ್ದವು. ಅದನ್ನು ಮರೆತು ಜನಾಂಗಶುದ್ಧಿಯ ವಾದಿಗಳು ಈ ಬಗೆಯ ಅಂಕಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಯಹೂದಿ ಮೂಲದ ಲುಡ್ವಿಕ್ ಅವರು ಮುಂದೆ ನಾಜಿಗಳ ಆಳ್ವಿಕೆಯಲ್ಲಿ ವಾರ್ಸಾದ ಘೆಟ್ಟೊದೊಳಗೆ ಬಂಧಿಯಾಗಬೇಕಾಯಿತು.

ಜಾತಿ ಕುಲಗಳ ನಾಡಿಗೆ ಈ ಪಾಠ ಪರಕೀಯವಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು, ಎಂದರೆ ಮೈಲಿಗೆಯ ಕಟ್ಟಳೆಗಳನ್ನು, ನಿರಾಕರಿಸಿದಾಗ ಅವರು ನಿರಾಕರಿಸಿದ್ದು ರಕ್ತವು ಮನುಷ್ಯನ ಯೋಗ್ಯತೆಯನ್ನು ಹೊತ್ತು ಹರಿಯುತ್ತದೆ ಎಂಬ ಎಣಿಕೆಯನ್ನೇ. ರಕ್ತದ ಗುಂಪು ಅವರ ಮಾತನ್ನು ರುಜುವಾತುಪಡಿಸಬೇಕಾಗಿಲ್ಲ, ಅದಕ್ಕೆ ಅಂಥ ಆಸರೆ ಬೇಕಿರಲಿಲ್ಲ. ಆದರೆ ಗುಂಪು ಕುಲದ ಗೆರೆಯನ್ನು ಲೆಕ್ಕಿಸದೆ ಹಂಚಿಹೋಗಿರುವುದಂತೂ ಸ್ಪಷ್ಟ. ತಂದೆ ಎ, ತಾಯಿ ಬಿ ಆಗಿದ್ದು ಇಬ್ಬರೂ ಓ ಅಂಶವನ್ನು ಒಳಗೆ ಹೊತ್ತಿದ್ದರೆ ಅವರ ನಾಲ್ಕು ಮಕ್ಕಳಿಗೆ ನಾಲ್ಕು ಬೇರೆ ಬೇರೆ ಗುಂಪುಗಳಿರಬಹುದು, ಒಡಹುಟ್ಟಿದವನಿಂದ ಬಾರದ ರಕ್ತ ದೂರದ ಊರಿನ ಅಪರಿಚಿತನಿಂದ ಬರಬಹುದು. ಹತ್ತಿರದ ಸಂಬಂಧಿಯ ರಕ್ತದಲ್ಲಿ ಒಂದು ವಿಶೇಷ ಅಪಾಯವೂ ಇದೆ: ದಾನಿಯ ಬಿಳಿ ಕಣಗಳು ತನ್ನವುಗಳನ್ನೇ ಹೋಲುವುದರಿಂದ ಸ್ವೀಕರಿಸಿದ ದೇಹ ಅವುಗಳನ್ನು ಪರಕೀಯವೆಂದು ಗುರುತಿಸದೆ ಬಿಡಬಹುದು, ಹಾಗೆ ಉಳಿದ ಕಣಗಳು ಆಶ್ರಯವಿತ್ತ ದೇಹದ ಮೇಲೆಯೇ ಎರಗಬಹುದು. ಇದು ಅಪರೂಪವಾದರೂ ಬಹುಪಾಲು ಮಾರಕವಾದ್ದರಿಂದ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕಾಗುತ್ತದೆ. ಇನ್ನು ಅಸ್ಥಿಮಜ್ಜೆಯ ಕಸಿಯಾದವರಲ್ಲಿ, ದಾನಿಯ ಗುಂಪು ಬೇರೆಯಾಗಿದ್ದರೆ, ಕೆಲವು ತಿಂಗಳುಗಳಲ್ಲಿ ಅವರ ರಕ್ತದ ಗುಂಪೇ ಬದಲಾಗಿ ದಾನಿಯದಾಗುತ್ತದೆ. ಅವರ ನೆನಪು, ಭಾಷೆ, ಭಕ್ತಿ, ಸಿಟ್ಟು ಯಾವುದೂ ಅದರೊಂದಿಗೆ ಬದಲಾಗುವುದಿಲ್ಲ.

ಅರಿತೇ ಇರಬೇಕಾದವರು ಯಾರು ಎಂದು ಕೇಳಿದಾಗ ಪ್ರಶ್ನೆ ಬೇರೊಂದು ಬಣ್ಣ ಪಡೆಯುತ್ತದೆ. ಮೊದಲಿಗೆ ಆರ್‌ಎಚ್ ನೆಗೆಟಿವ್ ತಾಯಂದಿರು. ಆರ್‌ಎಚ್ ನೆಗೆಟಿವ್ ಎಂದರೆ ಕೆಂಪು ಕಣಗಳ ಮೇಲೆ ಡಿ ಎಂಬ ಪ್ರತಿಜನಕವಿಲ್ಲದವರು. ಭಾರತದಲ್ಲಿ ಇವರ ಪ್ರಮಾಣ ನೂರಕ್ಕೆ ಸುಮಾರು 5. ಇಂಥ ತಾಯಿಯ ಗರ್ಭದಲ್ಲಿ ಡಿ ಇರುವ, ಎಂದರೆ ಪಾಸಿಟಿವ್, ಮಗುವಿದ್ದರೆ, ಹೆರಿಗೆಯ ವೇಳೆ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರಿ ಅವಳಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದಿನ ಬಸಿರಿನ ಪಾಸಿಟಿವ್ ಮಗುವನ್ನು ಬಾಧಿಸಬಹುದು. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದನ್ನು ಹೆರಿಗೆಯಾದ 72 ಗಂಟೆಗಳೊಳಗೆ ಕೊಟ್ಟರೆ ಬಹುತೇಕ ಈ ಅನಾಹುತ ತಪ್ಪುತ್ತದೆ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ಬರೆಯುವುದು ಹೀಗೆ ಅವಳ ಸಲುವಾಗಿ ಎನ್ನುವುದಕ್ಕಿಂತ, ಇನ್ನೂ ಹುಟ್ಟದ ಒಂದು ಜೀವದ ಸಲುವಾಗಿ. ದಾನಿಯ ಸ್ಥಿತಿಯೂ ಇದೇ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವ ವೃತ್ತಿ ದೇಶದಲ್ಲಿ ನಿಷಿದ್ಧವಾದ ಮೇಲೆ, ರಕ್ತವೆಂಬುದು ಕೊಡುವವರ ಮನಸ್ಸಿನಿಂದಲೇ ಬರಬೇಕಾದ ವಸ್ತುವಾಗಿದೆ. ತನ್ನ ಗುಂಪನ್ನು ಅರಿತವನು ಕರೆ ಬಂದಾಗ ತಾನು ಬೇಕಾದವನೋ ಅಲ್ಲವೋ ಎಂದು ಒಡನೆಯೇ ತಿಳಿಯಬಲ್ಲನು.

ಈ ಋಣ ಅತ್ಯಂತ ತೀಕ್ಷ್ಣವಾಗುವುದು ಬಾಂಬೆ ಗುಂಪಿನವರಲ್ಲಿ. 1952ರಲ್ಲಿ ಮುಂಬಯಿಯಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ವರದಿ ಮಾಡಿದ ಈ ಅಪರೂಪದ ಗುಂಪಿನವರಲ್ಲಿ, ಎ ಮತ್ತು ಬಿ ರಚನೆಗಳಿಗೆ ತಳಹದಿಯಾದ ಎಚ್ ಎಂಬ ರಚನೆಯೇ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ, ಚೀಟಿಯಲ್ಲಿ ಓ ಎಂದೇ ಅಚ್ಚಾಗಬಹುದು. ಆದರೆ ಓ ರಕ್ತದಲ್ಲಿ ಎಚ್ ಹೇರಳವಾಗಿರುವುದರಿಂದ ಅದೂ ಇವರಿಗೆ ವಿಷವಾಗುತ್ತದೆ, ಬಾಂಬೆ ಗುಂಪಿನವರ ರಕ್ತವೇ ಬೇಕಾಗುತ್ತದೆ. ಅಂಥ ದಾನಿಗಳನ್ನು ಹುಡುಕಿ ಜೋಡಿಸುವ ಕೆಲಸವನ್ನು ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಮಾಡುತ್ತಿದೆ. ಈ ಗುಣವು ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವುದರಿಂದ, ಇಂಥ ಒಬ್ಬರಿದ್ದ ಮನೆಯಲ್ಲಿ ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದೇ ಗುಂಪಿನವರಾಗಿರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು. ಬೇರೆಲ್ಲ ಕಡೆ ರಕ್ತದ ಲೆಕ್ಕದಲ್ಲಿ ಅಪರಿಚಿತನಿಗಿಂತ ಹೆಚ್ಚಿನವನಾಗದ ಅಣ್ಣನೋ ತಂಗಿಯೋ ಇಲ್ಲಿ ಮೊದಲು ಹುಡುಕಬೇಕಾದ ದಾನಿಯಾಗುತ್ತಾರೆ. ತಾವು ಆರೋಗ್ಯವಾಗಿದ್ದೂ, ತಮಗೆ ರಕ್ತ ಬೇಕಾಗುವ ಸಂದರ್ಭ ಜೀವಮಾನದಲ್ಲಿ ಬಾರದಿದ್ದರೂ, ಅವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕಾಗುತ್ತದೆ.