ಹನಿ ಹನಿಯಾಗಿ ಇಳಿಯುವ ಔಷಧಿ ಮತ್ತು ತವಕ್ಕುಲ್

ಅಲ್ಲಾಹನ ಮೇಲೆ ಭರವಸೆಯಿಟ್ಟವನು ಔಷಧಿಯ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸಬೇಕೇ? ಮಗುವಿನ ಆಯುಷ್ಯವನ್ನು ನಿರ್ಧರಿಸಿರುವವನು ಅವನೇ ಎಂದ ಮೇಲೆ ಎರಡು ವಾರಕ್ಕೊಮ್ಮೆ ತಪ್ಪದೆ ಆಸ್ಪತ್ರೆಗೆ ಓಡುವುದು ವಿಶ್ವಾಸದ ಕೊರತೆಯಲ್ಲವೇ? ನಮ್ಮ ಮನೆಗಳ ಹಿರಿಯರು ಸದುದ್ದೇಶದಿಂದಲೇ ಕೇಳುವ ಪ್ರಶ್ನೆಯಿದು. ಆದರೆ ಗೌಚರ್ ರೋಗವಿರುವ ಮಗುವಿನ ಮನೆಯಲ್ಲಿ ಇದಕ್ಕೆ ತಪ್ಪು ಉತ್ತರ ಕೊಟ್ಟರೆ ಅದರ ಬೆಲೆ ತೆರುವುದು ಆ ಮಗು.

ದೇಹದ ಜೀವಕೋಶಗಳಲ್ಲಿ ಬೇಡವಾದುದನ್ನು ಒಡೆದು ಹಾಕುವ ಕಿಣ್ವಗಳಿವೆ. ಗೌಚರ್ ರೋಗದಲ್ಲಿ ಅಂತಹ ಒಂದು ಕಿಣ್ವ ಹುಟ್ಟಿನಿಂದಲೇ ಸಾಕಷ್ಟಿರುವುದಿಲ್ಲ. ಕರಗಬೇಕಾದ ಒಂದು ಬಗೆಯ ಕೊಬ್ಬು ಗುಲ್ಮ, ಯಕೃತ್ತು, ಎಲುಬಿನ ಮಜ್ಜೆಗಳಲ್ಲಿ ಶೇಖರವಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ರಕ್ತ ಕಡಿಮೆಯಾಗುತ್ತದೆ, ಎಲುಬು ನೋಯುತ್ತದೆ. ಇಲ್ಲದ ಆ ಕಿಣ್ವವನ್ನೇ ರಕ್ತನಾಳದ ಮೂಲಕ ಕೊಡುವ ಔಷಧಿಗೆ ಅಮೆರಿಕದಲ್ಲಿ 1991ರಲ್ಲಿ ಅನುಮತಿ ದೊರೆಯಿತು. ಅದು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಮೆದುಳನ್ನು ತಲುಪುವುದೂ ಇಲ್ಲ. ಜೀವನಪೂರ್ತಿ ಕೊಡುತ್ತಿರಬೇಕು. ನಿಲ್ಲಿಸಿದರೆ ಕೊಬ್ಬು ಮತ್ತೆ ಶೇಖರವಾಗುತ್ತದೆ.

ಬಿಟಿಎಂ ಲೇಔಟ್, ಗುರಪ್ಪನಪಾಳ್ಯದವರಿಗೆ ಇದು ದೂರದ ಮಾತಲ್ಲ. ಕೆಲವೇ ಮೈಲಿಗಳ ಅಂತರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಈ ಚಿಕಿತ್ಸೆ ಕೊಡಲಾಗುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ನಿಗದಿತ ಕೇಂದ್ರಗಳ ರೋಗಿಗಳಿಗೆ ಕೊಡುವ ನೆರವನ್ನು 2022ರಲ್ಲಿ 50 ಲಕ್ಷ ರೂಪಾಯಿವರೆಗೆ ಏರಿಸಲಾಯಿತು. ಇದು ಯಾರ ಹಣ? ಅಂಗಡಿಯವನು, ಆಟೋ ಚಾಲಕ, ಎಲ್ಲರೂ ತೆತ್ತ ತೆರಿಗೆಯದು. ಆ ಸೀಸೆ ನಮ್ಮ ಕೈಗೆ ಬಂದ ಅಮಾನತ್.

ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು, ಕುಲುಕಬಾರದು. ಪ್ರಮಾಣ ಮಗುವಿನ ತೂಕದ ಮೇಲಿರುವುದರಿಂದ ಹಳೆಯ ತೂಕ ಹೇಳಿ ಮುಗಿಸುವಂತಿಲ್ಲ. ಜ್ವರ, ಕೆಮ್ಮು ಇದ್ದರೆ, ಕಳೆದ ಸಲ ಮೈ ಕೆರೆದಿದ್ದರೆ, ಮುಚ್ಚಿಡದೆ ಮೊದಲೇ ತಿಳಿಸಬೇಕು. ದೇಹವು ಈ ಕಿಣ್ವವನ್ನು ಹೊರಗಿನ ಶತ್ರುವೆಂದು ಭಾವಿಸಿ ಪ್ರತಿರೋಧಿಸಬಹುದು. ಆಗ ದದ್ದು, ನಡುಕ, ಉಸಿರಾಟದ ತೊಂದರೆ ಕಾಣಿಸುತ್ತದೆ. ವಿರಳವಾಗಿ ಪ್ರಾಣಕ್ಕೇ ಅಪಾಯ. ಹಲವು ಸಲ ಸುಸೂತ್ರವಾಗಿ ಮುಗಿದ ಬಳಿಕವೂ ಹೀಗಾಗಬಹುದು. ಆದ್ದರಿಂದಲೇ ನಿಧಾನವಾಗಿ ಹನಿಸುತ್ತಾರೆ, ತೊಂದರೆ ಕಂಡರೆ ತಕ್ಷಣ ನಿಲ್ಲಿಸುತ್ತಾರೆ. ಮಗ್ರಿಬ್‌ಗೆ ಮುಂಚೆ ಮನೆ ಸೇರಬೇಕು, ಸ್ವಲ್ಪ ಬೇಗ ಬಿಡಿ ಸಿಸ್ಟರ್ ಎಂದು ಒತ್ತಾಯಿಸುವವರಿದ್ದಾರೆ. ನಮಾಝನ್ನು ಆಸ್ಪತ್ರೆಯ ಒಂದು ಮೂಲೆಯಲ್ಲೂ ನಿರ್ವಹಿಸಬಹುದಲ್ಲ! ತಂದೆ ತಾಯಿ ಸರದಿಯಂತೆ ಎದ್ದು ಹೋದರಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಝ್ರತ್ ಉಮರ್(ರ) ಸಿರಿಯಾದತ್ತ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರವನ್ನು ಖಲೀಫರು ಕೊಟ್ಟರು. ರೋಗ ತಕ್ದೀರ್ ಆದರೆ ಔಷಧಿ, ಅದನ್ನು ಕಂಡುಹಿಡಿದ ಬುದ್ಧಿ, ಪಕ್ಕದಲ್ಲಿ ನಿಂತು ನಾಡಿ ನೋಡುವ ದಾದಿ ಕೂಡ ತಕ್ದೀರ್ ಅಲ್ಲವೇ? ದುಆ ಖಂಡಿತ ಮಾಡಿ. ಅದು ಹನಿಯ ಜೊತೆಗಿರಲಿ, ಹನಿಯ ಬದಲಿಗಲ್ಲ. ರಮಝಾನ್ ಮುಗಿಯಲಿ, ಈದ್‌ಗೆ ಊರಿಗೆ ಹೋಗಿ ಬರೋಣ ಎಂದು ಎರಡು ಸರದಿ ತಪ್ಪಿಸುವುದಕ್ಕೆ ಧರ್ಮದಲ್ಲಿ ಆಧಾರವಿಲ್ಲ. ರೋಗಿಗೆ ಉಪವಾಸದಲ್ಲೇ ರಿಯಾಯಿತಿ ಕೊಟ್ಟ ಧರ್ಮವಿದು.

ಇನ್ನೊಂದು ಮಾತು. ಇಂತಹ ಮಗು ಹುಟ್ಟಿದರೆ ಸೊಸೆಯನ್ನು ದೂರುವ ಅತ್ತೆಯಂದಿರಿದ್ದಾರೆ. ಇದು ಅನ್ಯಾಯ. ಗೌಚರ್‌ನಲ್ಲಿ ದೋಷವಿರುವ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧದಲ್ಲಿ ವಿವಾಹ ಧರ್ಮಸಮ್ಮತ, ಆದರೆ ಕಡ್ಡಾಯವಲ್ಲ. ಕುಟುಂಬದಲ್ಲಿ ಈ ರೋಗವಿದ್ದರೆ ನಿಶ್ಚಿತಾರ್ಥಕ್ಕೆ ಮುಂಚೆ ತಜ್ಞರ ಸಲಹೆ ಪಡೆಯಿರಿ.

ಔಷಧಿ ಉಚಿತವಾಗಿ ಸಿಕ್ಕರೂ ತಂದೆಗೆ ಎರಡು ವಾರಕ್ಕೊಮ್ಮೆ ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿರುವ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾಗುತ್ತದೆ. ಆ ಕೂಲಿಯನ್ನೂ ಆಟೋ ಬಾಡಿಗೆಯನ್ನೂ ಮೊಹಲ್ಲಾದ ಬೈತುಲ್‌ಮಾಲ್‌ನಿಂದ ಕೊಡಲು ಸಾಧ್ಯವೇ ಎಂದು ಮುಂದಿನ ಜುಮಾದ ನಂತರ ನಿಮ್ಮ ಮಸೀದಿ ಸಮಿತಿಯವರನ್ನು ಕೇಳಿ ನೋಡಿ.